ಬಾಗೋ ಲೆಕ್ಕ

ಬನಹಟ್ಟಿ ಹೈಸ್ಕೂಲಿನ ಹಿಂದ, ಹಾಳ ಗಿರಣಿ ಗ್ವಾಡಿಗೆ ಆನಿಸಿ
ಕಬ್ಬಿನ ರವದಿ ಒತ್ತಿ ಕಟ್ಟಿದ ಪೆಂಡಿ,
ಅದರ ಮ್ಯಾಲ ಐದ ಬಣ್ಣದ ಕಾಗದ.
ಸಂಜಿಗೆ ಕರೆಂಟ ಹೋದರ
ಮಗ್ಗ ನಿಂತು ಊರಿಗೆ ಒಮ್ಮಿಗೇ ಕಿವಿ ಬರತಾವು.
ಆವಾಗ ಕೇಳತಿತ್ತು ನನಗ
ದಾನೇಶ್ವರಿ ಬಿಲ್ಲಿನ ಹೆದಿ.

ಆರು ಬಿಟ್ಟರ ಆರೂ ಎಡಕ್ಕ.
ಹಳದಿ ಬಿಟ್ಟು, ಕೆಂಪು ಬಿಟ್ಟು, ನೀಲಿನೂ ಬಿಟ್ಟು
ಕರೀ ಪಟ್ಟಿಯೊಳಗ ಒಂದಕ್ಕೊಂದು ಒರಗಿ ನಿಂತಿರತಿದ್ದವು,
ಹೋಟೆಲ್ ಮುಂದ ಚಾ ಕುಡಿಯೋ ಮಂದಿ ಹಂಗ.
"ಮೊಣಕೈ ನೋಡು," ಅಂದ್ರು ಸರ್.
"ಬೆರಳು ಜಗ್ಗತಾಳ್ರಿ," ಅಂದ ಬಾಜೂಕಿನ ಹುಡುಗ.
"ಹೆಣ್ಣಿನ ಕೈ, ಎಷ್ಟಂದ್ರೂ," ಅಂದ ಒಬ್ಬ,
ಯಾರಂತ ಹೇಳಂಗಿಲ್ಲ, ನಮ್ಮ ಪೈಕಿನೇ.
ವಿಜಯಪುರಕ್ಕ ಹೋಗೋ ಯಾದಿಯಾಗ
ಆಕಿ ಹೆಸರಿನ ಮ್ಯಾಲ ಪೆನ್ಸಿಲ್ ಗೆರಿ ಬಿತ್ತು.

ನಾ ಮಗ್ಗದ ಮೇಸ್ತ್ರಿ. ಬಿಲ್ಲು ಹಿಡದವ ಅಲ್ಲ.
ಆದರ ಇಷ್ಟು ಗೊತ್ತು:
ನೇಕಾರನ ತಪ್ಪು ಸೀರಿ ತುಂಬ ಚದರಿರತೈತಿ,
ಮಗ್ಗದ ತಪ್ಪು ಒಂದ ಜಾಗಾದಾಗ ಕೂಡತೈತಿ,
ಅದೇ ಎಳಿ, ಅದೇ ಅಂಚು, ದಿನಾ.
ಆರು ಬಾಣ ಒಂದ ಕಡೆ ಕೂತಾವಂದ್ರ
ಕೈ ಖರೇ ಹೇಳಾಕತ್ತೈತಿ, ಕೇಳವರಿಲ್ಲ.

"ಬಾಣ ಯಾರವು?"
ತೇರದಾಳದ ಹುಡುಗನವಂತ, ಮಿಲಿಟರಿಗೆ ಹೋಗೂ ಮುಂದ ಕೊಟ್ಟದ್ದು.
ಅವನ ಬಿಲ್ಲಿನ ಜಗ್ಗು ಮೂವತ್ತಾರು ಪೌಂಡು,
ಈಕಿದು ಇಪ್ಪತ್ತೆಂಟು.
ದಪ್ಪ ನೂಲು ಸಣ್ಣ ಹಣಗಿಗೆ ಕೊಟ್ಟು
"ನಿನ್ನ ಕೈಯಾಗ ಗುಣ ಇಲ್ಲ" ಅಂತ
ಪಗಾರ ಮುರಕೊಂಡ ಸಾವಕಾರ ನೆನಪಾದ.
ಹದಿನೇಳು ನನಗಾಗ. ನಂಬಿಬಿಟ್ಟಿದ್ದೆ.

ರಾತ್ರಿ ಗ್ವಾಡಿಗೆ ಎರಡು ಮಳಿ ಹೊಡದೆ,
ನಡುವ ಇಪ್ಪತ್ತೆಂಟು ಇಂಚು, ಮ್ಯಾಲ ಬಾಣ ಅಡ್ಡ.
ನಟ್ಟನಡುವ ಜೋತುಬಿಟ್ಟೆ ಎಂಟನೂರ ಎಂಬತ್ತು ಗ್ರಾಂ:
ಕಿರಾಣಿ ಅಂಗಡಿಯ ಅರ್ಧ ಕಿಲೋ, ಇನ್ನೂರು, ನೂರು, ಐವತ್ತು,
ಉಳಿದ ಮೂವತ್ತಕ್ಕ ಮಗ್ಗದ ನಟ್ಟು.
ಬಾಗಿತು. ಅರ್ಧ ಇಂಚಿನ ಮ್ಯಾಲ ಒಂದು ಜ್ವಾಳದ ಕಾಳು, ಅಷ್ಟ.
ಸರ್ ಮಡಚಿಟ್ಟಿದ್ದ ಕೋಷ್ಟಕದಾಗ
ಈಕಿ ಬಿಲ್ಲಿಗೆ ಮುಕ್ಕಾಲು ದಾಟಬೇಕು ಅಂತಿತ್ತು.

ಒಂದು ಬಾಣದ ಗರಿ ಬ್ಲೇಡಿಲೆ ಹೆರದು ತಗದೆ.
ದಾನೇಶ್ವರಿ ಅಳೋದೊಂದ ಬಾಕಿ.
ಗರಿ ಮರ್ಯಾದಸ್ತ ಸಾಕ್ಷಿ, ಅರ್ಧ ತಪ್ಪು ಸೆರಗಿನಾಗ ಮುಚ್ಚತೈತಿ;
ಬೋಳ ಬಾಣಕ್ಕ ಯಾರ ಹಂಗೂ ಇಲ್ಲ.
ಪೆಂಡಿನೇ ಬಿಟ್ಟು ಎಡಕ ಹೋಗಿ
ಗಿರಣಿ ಗ್ವಾಡಿ ಗಾರಿ ಉದುರಿಸಿತು.

ಮೊಬೈಲಿನಾಗ ನಿಧಾನ ಮಾಡಿ ನೋಡಿದ್ವಿ.
ಸರ್ ಬಿಟ್ಟ ಬಾಣ, ಸರ್ ಬಿಲ್ಲಿಂದು,
ಹೆದಿ ದೂಡಿದ ಕ್ಷಣಕ್ಕ ನಡಾ ಮಣಿಸಿ
ಬಿಲ್ಲಿನ ಒಡಲು ಬಳಸಿ, ಆ ಕಡೆ ಈ ಕಡೆ
ಕೃಷ್ಣಾ ಹೊಳಿ ಮೀನಿನಂಗ ಬಳುಕಿ
ಆಮ್ಯಾಲ ನೆಟ್ಟಗಾತು.
ಈಕಿದು ಮಣಿಯೂದನ್ನ ಅರಿಯದ ಕೋಲು:
ಬಿಲ್ಲಿಗೆ ಒರಸಿ, ಸಿಡದು, ಎಡಕ್ಕ.
ಸರ್ ಏನೂ ಅನಲಿಲ್ಲ. ಇನ್ನೊಮ್ಮೆ ನೋಡಿದ್ರು.

ಹೊಸವು ಕೊಳ್ಳಾಕ ರೊಕ್ಕ ಎಲ್ಲಿದು?
ಲೇಥಿನ ದಾವಲಸಾಬ ಹಿತ್ತಾಳಿ ಮೂತಿ ಕಡದು ಕೊಟ್ಟ,
ಮೌನೇಶ ಪತ್ತಾರ ಬಂಗಾರದ ತಕ್ಕಡಿಯಾಗ ತೂಗಿದ,
"ಮಾಂಗಲ್ಯಕ್ಕೂ ಇಷ್ಟು ಜಿಗುಟು ಮಾಡಂಗಿಲ್ಲೋ ಮಾರಾಯ" ಅನಕೋತ.
ಮುಂದ ಭಾರ ಇದ್ರ ಬೆನ್ನು ಬಾಗತೈತಿ.
ಒಂದು ಗ್ರಾಂ ಏರಿಸು, ಬಿಡು. ಅರ್ಧ ಕೆರಿ, ಬಿಡು.
ಬಿಲ್ಲಿನ ಬೋಲ್ಟಿಗೆ ಅರ್ಧ ಸುತ್ತು. ಬಿಡು.
ಒಂಬತ್ತನೇ ದಿನ ಬೋಳ ಬಾಣ
ಗರಿ ಇದ್ದವುಗಳ ಗೇಣಿನೊಳಗ ಬಂದು ನಿಂತು
ಅಲುಗಾಡತಿತ್ತು, ಸಣ್ಣಗ.

ಆಮ್ಯಾಲ ಆರು ಬಿಟ್ಟಳು.
ಎರಡು ಹಳದಿ. ಒಂದು ಕೆಂಪು, ಮ್ಯಾಲ.
ಒಂದು ನೀಲಿ, ಬಲಕ್ಕ. ಒಂದು ಕೆಳಗ, ಬಿಳಿಗೆ ತಾಗಿ.
ಇನ್ನೊಂದು ರವದಿಯಾಗ ಎಲ್ಲಿ ಹೋತೋ.
ಸರ್ ಮಾರಿ ಸಣ್ಣದು ಮಾಡಿದ್ರು.
ಆಕಿ ಮಾತ್ರ ಹಲ್ಲು ಕಾಣೂ ಹಂಗ ನಕ್ಕು
"ಕಾಕಾ, ಇವು ನನ್ನ ತಪ್ಪು," ಅಂದಳು.

ಕರೆಂಟ ಬಂತು. ಓಣಿ ತುಂಬ ಖಟಪಟ ಖಟಪಟ.
ಮೊಣಕೈ ತನ ರವದಿಯಾಗ ಕೈ ಇಟ್ಟು
ಹುಡುಕಾಕತ್ತಿದ್ದಳು ಆರನೇದನ್ನ.