ಬೆನ್ನು ಮಾಡಿ ಕೂರುವುದು

ಗಂಟೆಗೆ ಮೂವತ್ತು ಯೂರೊ. ದೆವೊಲಿಂದಾ ಬಂದವಳೇ
ಅಡುಗೆಮನೆಯ ನೆಲದಲ್ಲಿ ನಾಯಿಗೆ ಬೆನ್ನು ಮಾಡಿ
ಸುಮ್ಮನೆ ಕೂತಳು.
ಆಗಾಗ ಚೀಸಿನ ಚೂರು ಹಿಂದಕ್ಕೆಸೆಯುತ್ತಾಳೆ,
ಯಾರಿಗೋ ಎಂಬಂತೆ.

ಬೇರೆ ಮನೆ ಸಿಗುವತನಕ ಮಾತ್ರ, ಅಂದಿದ್ದರು.
ವಾಷಿಂಗ್ ಮೆಷೀನಿನ ಸಂದಿಯಲ್ಲಿ
ಹನ್ನೊಂದು ದಿನದ ಕತ್ತಲು ಉಸಿರಾಡುತ್ತಿತ್ತು.

"ಕಲಿಸುವುದು ಯಾವಾಗ?"
"ನಿಮಗೇ ಕಲಿಸುತ್ತಿದ್ದೇನೆ. ಮೊದಲು ಆ ಬೆಲ್ಟ್ ಬಿಚ್ಚಿಡಿ."

ಟ್ರಾಮ್ ಓಡಿಸಿದ ಕಾಲದ ಬೆಲ್ಟು.
ಬಕಲ್ ಸದ್ದಾದಾಗಲೆಲ್ಲ
ಅದು ಇದ್ದಲ್ಲೇ ಉಚ್ಚೆ ಹೊಯ್ದುಕೊಳ್ಳುವುದು
ನನ್ನ ಗಮನಕ್ಕೇ ಬಂದಿರಲಿಲ್ಲ.

ಈಗ ಸೊಂಟಕ್ಕೆ ನೂಲಿನ ಹಗ್ಗ.
ಪೋರ್ತೊ ಪೇಟೆಯೆಲ್ಲ ನಗಲಿ.

ನಿನ್ನೆ ಬೆನ್ನು ಮಾಡಿ ಬಟಾಣಿ ಸುಲಿಯುತ್ತಿದ್ದೆ.
ಮೊಣಕೈಗೆ ಏನೋ ತಣ್ಣಗೆ ತಾಗಿತು.
ತಿರುಗಲಿಲ್ಲ.
ಕಾಳು ಮುಗಿದಿತ್ತು;
ಖಾಲಿ ಸಿಪ್ಪೆಯನ್ನೇ
ಮತ್ತೆ ಸುಲಿಯುತ್ತ ಕೂತೆ.