ಹತ್ತಂಕದ ಪ್ರಶ್ನೆ

ಐದಂಕದ ಹಳೇ ನಾಟಕಕ್ಕೆ ಹತ್ತಂಕದ ಪ್ರಶ್ನೆ:
ರಾಜನ ಪಾತ್ರವನ್ನು ವಿಮರ್ಶಿಸಿ.

ಶಹಾಬಾದದ ನಮ್ಮ ಮನೆ, ಮೇ ತಿಂಗಳು, ಕರೆಂಟಿಲ್ಲ.
ಫರಸಿಯ ಮೇಲೆ ಬೋರಲು ಬಿದ್ದು ಬರೆದೆ:
ಹಠಮಾರಿ. ಉದಾತ್ತ. ತನ್ನ ಕೈಯಾರೆ ಕೆಟ್ಟವನು.
'ಉದಾತ್ತ' ಗೈಡಿನದು.
ಬೆವರಿಗೆ ಅಳಿಸಿತು, ಮತ್ತೆ ಬರೆದೆ.

ಜೋಳ ಹಸನು ಮಾಡುತ್ತಿದ್ದ ಕಾಶಮ್ಮತ್ತೆ
"ಏನದು, ಜೋರಾಗಿ ಓದು" ಅಂದಳು.
ಓದಿದೆ. ದಂಡು ಸೋತಿತು,
ರಾಣಿ ಬಾವಿಗೆ ಬಿದ್ದಳು,
ಕಿರೀಟ ಮೆಟ್ಟಿಲ ಮೇಲಿಟ್ಟು ರಾಜ ಕತ್ತಲಿಗೆ ನಡೆದ.

ಮೊರ ನಿಂತಿತು.
"ಬಾಗಿಲ ಕಾಯಾಂವ ಒಬ್ಬ ಇದ್ನಲ್ಲ, ಅಂವಾ ಏನಾದ?"

ಪುಟ ತಿರುವಿದೆ. ಅವನಿಗೆ ಎರಡೇ ಮಾತು:
ಮೊದಲಿಗೆ, "ಬಂದಿದ್ದಾರೆ, ಪ್ರಭು."
ಕೊನೆಗೆ, "ಯಾರೂ ಬಂದಿಲ್ಲ, ಪ್ರಭು."
ನಡುವೆ ಅವನು ಕೂತದ್ದು ಎಲ್ಲೂ ಬರೆದಿಲ್ಲ.
ಹೋದದ್ದೂ.

"ಮತ್ತ ಬಾಗಿಲ ಯಾರ ಹಾಕ್ಯಾರ?"
ಗೊತ್ತಿಲ್ಲತ್ತೀ, ಸಿಲೆಬಸ್‌ನಾಗ ಇಲ್ಲ.

ಬಿಸಿಗಾಳಿಗೆ ನಮ್ಮ ಕದ ಬಡಿದುಕೊಂಡಿತು.
ಅತ್ತೆ ಎದ್ದು
ಖಾರ ಅರೆಯುವ ಗುಂಡುಕಲ್ಲು ಆನಿಸಿ ಬಂದಳು.

'ರಾಜನು' ಎಂದು ಮುಂದಿನ ಸಾಲು ಹಿಡಿದವಳು
ಅಲ್ಲೇ ಬಿಟ್ಟಿದ್ದೇನೆ.
ಪೆನ್ನಿನ ಕ್ಯಾಪು ಜೋಳದ ರಾಶಿಯಲ್ಲೆಲ್ಲೋ ಬಿದ್ದಿದೆ,
ಹುಡುಕಬೇಕು.