ಆರೋಪಿ ಒಂದು ಮತ್ತು ಇತರರು

ಬಾಗೇಪಲ್ಲಿ ಠಾಣೆ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ.
ಪಂಚನಾಮೆ ಬರೆಯುವವಳು ನಾನು, ರೈಟರ್ ಗಂಗುಲಮ್ಮ.
ಹುಣಸೆಹಣ್ಣಿನ ಮೂಟೆಯ ಅಡಿಗೆ ಎರಡು ಕಿಲೋ ನಾನೂರು ಗ್ರಾಂ,
ಹೂವು, ಎಲೆ, ಕೈಗೆ ಹತ್ತುವ ಅಂಟು.
ಹಿಂದೂಪುರದ ಬಸ್ಸಿನಲ್ಲಿ ತಂದವನು ಕದಿರಪ್ಪ.
ಕೊಟ್ಟವನು ತಲೆಮರೆಸಿಕೊಂಡಿದ್ದಾನೆ.

‘ಘಾಟು ವಾಸನೆ ಇರುತ್ತದೆ’ ಎಂದು ಬರೆಯುವುದು ರೂಢಿ.
ಬರೆದೆ. ಓದಿ ಹೇಳಿದೆ.
ಪಂಚರಾದ ಪ್ಯಾರೇಜಾನ್ ಸಾಹೇಬರು ಸಹಿ ಹಾಕಲಿಲ್ಲ.
ಮೂವತ್ತು ವರ್ಷ ಖಾರದಪುಡಿ ಮಿಷನ್ ನಡೆಸಿದ ಮೂಗು ಅದು.
‘ಒಂದು ವಾಸನೆ ಅಲ್ಲಮ್ಮ ಇದು, ಬರಕೊಳ್ಳಿ:
ಮೊದಲು ನಿಂಬೆಸಿಪ್ಪೆ. ಅದರ ಹಿಂದೇನೇ ಮೆಣಸು.
ಮಾವಿನಕಾಯಿ ತೊಟ್ಟು ಮುರಿದಾಗ ಚಿಮ್ಮೋ ಸೊನೆ.
ದೂರದಲ್ಲಿ ಎಲ್ಲೋ ನೀಲಗಿರಿ ತೋಪು.
ಎಲ್ಲ ಸೇರಿದ್ರೇನೇ ಇದು.
ಬರೀ ಧನಿಯಾ ಹುರಿದು ಸಾರಿನಪುಡಿ ಅಂದ್ರೆ
ನಿಮ್ಮ ಮನೇಲಿ ಒಪ್ತಾರಾ?’

ಕಾಲಂನಲ್ಲಿ ಜಾಗ ಒಂದೂವರೆ ಇಂಚು.
‘ವಾಸನೆ’ಗೆ ಒಂದು ‘ಗಳು’ ಸೇರಿಸಿದ ಮೇಲೆ ಸಹಿ ಹಾಕಿದರು.

ಪ್ರಯೋಗಾಲಯದ ವರದಿಯಲ್ಲಿ ಒಂದೇ ಹೆಸರು: ಟಿಎಚ್‌ಸಿ, ಇದೆ.
ಉಳಿದವರು? ಎಂದು ಫೋನಿನಲ್ಲಿ ಕೇಳಿದೆ.
‘ಕಾನೂನು ಕೇಳೋದು ಅವನೊಬ್ಬನನ್ನೇ, ಮೇಡಂ,’
ಎಂದಳು ಅಲ್ಲಿಯ ಹುಡುಗಿ. ಆದರೂ ಅರ್ಧ ಗಂಟೆ ಮಾತಾಡಿದಳು.

ಆ ರಾತ್ರಿ ಪಾಳಿಯಲ್ಲಿ, ವೈರ್‌ಲೆಸ್ ಗೊರಗೊರ ಅನ್ನುತ್ತಿರುವಾಗ,
ರದ್ದಿ ಹಾಳೆಯ ಬೆನ್ನಿನ ಮೇಲೆ
ಗಿಡಕ್ಕೇ ಒಂದು ಚಾರ್ಜ್‌ಶೀಟು ಬರೆದೆ.

ಆರೋಪಿ ಒಂದು: ತಲೆಗೆ ಏರುವವನು.
ಹಸಿ ಗಿಡದಲ್ಲಿ ಬರೀ ಒಂದು ಆಮ್ಲ;
ಕಾವು ತಗಲುವವರೆಗೂ ನಿರಪರಾಧಿ.

ಆರೋಪಿ ಎರಡು: ಸಿಬಿಡಿ, ಅವನ ಒಡಹುಟ್ಟು.
ಒಂದೇ ತಾಯಿ, ಒಂದೇ ತೂಕ,
ಎಣಿಸಿದರೆ ಅಷ್ಟೇ ಇಂಗಾಲ, ಅಷ್ಟೇ ಜಲಜನಕ,
ಒಂದು ಉಂಗುರ ಮಾತ್ರ ಮುಚ್ಚಿಕೊಂಡಿಲ್ಲ.
ಅಣ್ಣ ಬಾಗಿಲು ಒದೆಯುವಾಗ
ಇವನು ಅಗುಳಿಗೆ ಬೆರಳಿಟ್ಟು ನಿಲ್ಲುತ್ತಾನಂತೆ.

ಆರೋಪಿ ಮೂರರಿಂದ ನೂರಾ ಚಿಲ್ಲರೆ:
ಪ್ಯಾರೇಜಾನರು ಗುರುತಿಸಿದವರು, ಗುರುತಿಸದವರು.
ಒಬ್ಬ ದಾರಿ ತೋರಿಸಿದ, ಒಬ್ಬ ಜೋಗುಳ ಹಾಡಿದ,
ಮೆಣಸಿನವನು ಯಾವುದೋ ಹಿತ್ತಿಲ ಬೀಗಕ್ಕೆ
ತನ್ನದೇ ಕೀಲಿ ತಂದಿದ್ದ.
ಇವರೆಲ್ಲ ಸಮಾನ ಉದ್ದೇಶದಿಂದ ಒಟ್ಟಾಗಿ ಸೇರಿ—

ಇಲ್ಲಿ ಪೆನ್ನು ನಿಂತಿತು. ಉದ್ದೇಶ ಯಾರದು?
ಹುಳು ಮುಟ್ಟದಿರಲಿ, ಬಿಸಿಲು ಸುಡದಿರಲಿ ಎಂದು
ಹೂವಿನ ರೋಮದ ತುದಿಯಲ್ಲಿ ಗಿಡ ಕಟ್ಟಿಕೊಂಡ ಹನಿಗೆ
ನಮ್ಮ ತಲೆಯ ವಿಳಾಸ ಕೊಟ್ಟವರಾರು?
ಆ ಹುಡುಗಿಯೂ ಅಂದಿದ್ದಳು: ‘ಇವರು ಕೂಡಿ ಕೆಲಸ ಮಾಡ್ತಾರೆ ಅಂತ
ಮಾತಿದೆ ಮೇಡಂ, ಇನ್ನೂ ಪೂರ್ತಿ ಸಾಬೀತಾಗಿಲ್ಲ.’
ಸಾಬೀತಾಗದ್ದು ನನ್ನ ಬೀರುವಿನಲ್ಲಿ ಬೇಕಾದಷ್ಟಿದೆ.

ಮೂರು ಬೇಸಿಗೆ.
ಮಾಲುಖಾನೆಯ ತಗಡು ಕಾದು ಟಣ್ ಅನ್ನುತ್ತಿತ್ತು.
ಅರಗಿನ ಮೊಹರು ಹಾಗೇ ಇತ್ತು; ನಿಂಬೆ ಮೊದಲು ಹೊರಟಿತು,
ಜಾಮೀನು ಕೇಳದೆ. ಆಮೇಲೆ ತೋಪು, ಆಮೇಲೆ ಸೊನೆ.
ಮೆಣಸು ಮಾತ್ರ ಇನ್ನಷ್ಟು ದಿನ
ಮೂಲೆಯಲ್ಲಿ ಕೂತಿತ್ತು, ಹೆಂಡತಿ ಬರುತ್ತಾಳೆಂದು ಕಾಯುವವನ ಹಾಗೆ.

ಕೋರ್ಟಿನಲ್ಲಿ ಚೀಲ ಬಿಚ್ಚಿದರು.
ಪ್ಯಾರೇಜಾನ್ ಬಗ್ಗಿ, ಕಣ್ಣು ಮುಚ್ಚಿ, ಮೂಸಿದರು.
‘ಇದೇನಾ ಅದು?’
‘ಚೀಲ ಅದೇ ಸ್ವಾಮಿ. ಒಳಗಿರೋದು ಒಣಹುಲ್ಲು.’
ಆರೋಪಿ ಒಂದೂ ಅಷ್ಟರಲ್ಲಿ
ಗಾಳಿಗೆ, ಕಾವಿಗೆ ಸವೆದು ಹೆಸರು ಬದಲಿಸಿಕೊಂಡಿದ್ದ,
ಜೊತೆಯವರಿಲ್ಲದೆ ತೂಕಡಿಸುವ ಮುದುಕ.

ಕದಿರಪ್ಪ ಮತ್ತು ಇತರರು, ಎಂದು ಮೂರು ಸಲ ಕೂಗಿದರು.
ಕದಿರಪ್ಪ ಬಂದ.
ಸಾಹೇಬರು ಪಕ್ಕಕ್ಕೆ ಸರಿದು ಅಂಗಿ ಕೊಡವಿದರು:
ಧನಿಯಾ, ಮೆಣಸು, ಚಕ್ಕೆ.
ನಾನು ಜೋರಾಗಿ ಸೀನಿದೆ.
ಅದನ್ನು ಯಾರೂ ದಾಖಲಿಸಲಿಲ್ಲ.